ಕುಣಿದವರು ಕಲಿಸಲು ನಿಂತಾಗ

ಪ್ಯಾರಿಸ್ ಒಪೆರಾದಲ್ಲಿ ಬ್ಯಾಲೆ ನರ್ತಕರ ನಿವೃತ್ತಿ ವಯಸ್ಸು 42. ನಮ್ಮ ರಾಜ್ಯದ ಸರ್ಕಾರಿ ನೌಕರರು 60ರವರೆಗೆ ದುಡಿಯುತ್ತಾರೆ. ಬರೆಯುವವರಿಗಂತೂ ನಿವೃತ್ತಿಯೇ ಇಲ್ಲ. ನರ್ತಕರ ಪಾಲಿಗೆ ಮೈಯೇ ವಾದ್ಯ. ವಿದ್ಯೆ ಮಾಗುವ ಹೊತ್ತಿಗೆ ಮಂಡಿ, ಸೊಂಟ ಸೋಲತೊಡಗುತ್ತವೆ. ಆಗ ಅವರಲ್ಲಿ ಅನೇಕರು ಶಿಕ್ಷಕರಾಗುತ್ತಾರೆ, ತಾಲೀಮು ಮಾಡಿಸುತ್ತಾರೆ, ಕೆಲವರು ತಂಡದ ಕಲಾ ನಿರ್ದೇಶಕರಾಗುತ್ತಾರೆ. ನಾವದನ್ನು ಸಹಜವಾದ ಬಡ್ತಿ ಎಂದುಕೊಳ್ಳುತ್ತೇವೆ. ಆದರೆ ಅಲ್ಲೊಂದು ನೈತಿಕ ಪ್ರಶ್ನೆಯಿದೆ. ನಿನ್ನೆಯವರೆಗೆ ತಮ್ಮ ಮೈಯನ್ನು ಆಳಿದವರಿಗೆ ಇವತ್ತು ಇನ್ನೊಬ್ಬರ ಮೈಯ ಮೇಲೆ ಎಷ್ಟು ಹಕ್ಕಿದೆ?

ಹಕ್ಕು ಎಂಬ ಮಾತು ಅತಿಯಾಯಿತು ಅನ್ನಿಸಬಹುದು. ಆದರೆ ನೃತ್ಯದ ಗುರು ಶಿಷ್ಯೆಯ ಭುಜ ಹಿಡಿದು ತಿರುಗಿಸುತ್ತಾರೆ, ಅರಮಂಡಿ ಇನ್ನಷ್ಟು ಇಳಿಯಲಿ ಎನ್ನುತ್ತಾರೆ. ಮುಂದಿನ ಸಾಲಿನಲ್ಲಿ ಯಾರು, ಹಿಂದೆ ಯಾರು, ರಂಗಪ್ರವೇಶಕ್ಕೆ ಯಾರು ಸಿದ್ಧ ಎಂಬುದು ಅವರದೇ ತೀರ್ಮಾನ. ‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬ ಗಾದೆ ನಮ್ಮಲ್ಲಿದೆ. ಕುಣಿಯುವುದನ್ನು ನಿಲ್ಲಿಸಿದವರಿಗೆ ನೆಲದ ಬದಲು ಶಿಷ್ಯೆಯೇ ಡೊಂಕಾಗಿ ಕಾಣುವ ಅಪಾಯವಿದೆ. ತಾನು ಮಾಡಲಾಗದೆ ಉಳಿದದ್ದನ್ನು ಅವಳಿಂದ ಮಾಡಿಸಬೇಕೆಂಬ ಆಸೆ, ಅವಳು ತನಗಿಂತ ಚೆನ್ನಾಗಿ ಮಾಡಿದರೆ ಒಳಗೊಳಗೇ ಸಂಕಟ, ಎರಡೂ ಒಂದೇ ಮನಸ್ಸಿನಲ್ಲಿ ಇರಬಲ್ಲವು.

ರುಡಾಲ್ಫ್ ನುರೆಯೆವ್ 1983ರಲ್ಲಿ ಪ್ಯಾರಿಸ್ ಒಪೆರಾ ಬ್ಯಾಲೆಯ ನಿರ್ದೇಶಕರಾದಾಗ ಅವರಿಗೆ 45 ವರ್ಷ. ರಂಗವನ್ನು ಅವರು ಬಿಡಲಿಲ್ಲ. ತಾವೇ ಹೆಚ್ಚು ಪ್ರದರ್ಶನ ಇಟ್ಟುಕೊಳ್ಳುತ್ತಾರೆ ಎಂಬ ದೂರು ತಂಡದೊಳಗಿತ್ತು. ಅದೇ ಮನುಷ್ಯ 1984ರ ಕೊನೆಯಲ್ಲಿ 19 ವರ್ಷದ ಸಿಲ್ವಿ ಗಿಯೆಮ್‌ಗೆ ತಂಡದ ಅತ್ಯುನ್ನತ ಸ್ಥಾನ ಕೊಟ್ಟರು. ಹೊಸಬರನ್ನು ಗುರುತಿಸುವ ಕಣ್ಣು ಮತ್ತು ಜಾಗ ಬಿಡಲೊಲ್ಲದ ಕಾಲು ಒಬ್ಬರಲ್ಲೇ ಇದ್ದವು. 1989ರಲ್ಲಿ ಗಿಯೆಮ್ ಆ ತಂಡ ತೊರೆದು ಲಂಡನ್ನಿಗೆ ಹೋದರು.

ಚೆನ್ನಾಗಿ ಕುಣಿಯುವವರೆಲ್ಲ ಚೆನ್ನಾಗಿ ಕಲಿಸುತ್ತಾರೆ, ನಿರ್ದೇಶಿಸುತ್ತಾರೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಬೆಂಗಳೂರಿನ ಮಾಯಾ ರಾವ್ ಶಂಭು ಮಹಾರಾಜರಲ್ಲಿ ಕಥಕ್ ಕಲಿತು ನರ್ತಕಿಯಾಗಿ ಹೆಸರು ಮಾಡಿದ್ದವರು. ಆದರೂ 1960ರ ದಶಕದ ಆರಂಭದಲ್ಲಿ, ಮೂವತ್ತು ದಾಟಿದ ಮೇಲೆ, ಮಾಸ್ಕೋಗೆ ಹೋಗಿ ನೃತ್ಯಸಂಯೋಜನೆಯ ವಿದ್ಯಾರ್ಥಿಯಾದರು. ಹಿಂತಿರುಗಿ 1964ರಲ್ಲಿ ದೆಹಲಿಯಲ್ಲಿ ಅದನ್ನೇ ಕಲಿಸುವ ಸಂಸ್ಥೆ ಆರಂಭಿಸಿದರು. 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಇನ್ನೊಬ್ಬರ ಮೈಯೊಂದಿಗೆ ಕೆಲಸ ಮಾಡುವುದು ಬೇರೆಯೇ ವಿದ್ಯೆ, ಅದನ್ನು ಮೊದಲಿನಿಂದ ಕಲಿಯಬೇಕು ಎಂದು ಒಪ್ಪಿಕೊಳ್ಳಲು ಹೆಸರು ಮಾಡಿದವರಿಗೆ ಎಷ್ಟು ವಿನಯ ಬೇಕು!

ಶಿಷ್ಯರ ಕಡೆಗೂ ಒಂದು ಲೆಕ್ಕವಿದೆ. ಕಡೂರು ಸೀಮೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿದ ಕೆ. ವೆಂಕಟಲಕ್ಷಮ್ಮನವರು (1906–2002) ಎಂಟನೆಯ ವಯಸ್ಸಿನಲ್ಲಿ ಜಟ್ಟಿ ತಾಯಮ್ಮನವರ ಬಳಿ ಸೇರಿದರು, ಮುಂದೆ ಮೈಸೂರು ಅರಮನೆಯ ಆಸ್ಥಾನ ನರ್ತಕಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಶುರುವಾದಾಗ ಅದರ ಮೊದಲ ರೀಡರ್ ಅವರೇ. ಆಸ್ಥಾನ ನರ್ತಕಿಯರ ಬದುಕನ್ನು ಕೀಳಾಗಿ ಕಂಡ ಸಮಾಜದ ಮನೆಗಳ ಹೆಣ್ಣುಮಕ್ಕಳೂ ಆ ಪರಂಪರೆಯ ಅಭಿನಯ ಕಲಿತು ಗೌರವ ಪಡೆದರು. ಕಲಿಸಿದವರು ಕೊಟ್ಟದ್ದು ಕಲಿತವರು ತೀರಿಸಬಹುದಾದ್ದಕ್ಕಿಂತ ದೊಡ್ಡದು. ಹಾಗಾಗಿ ಗುರುವಿನ ಅಧಿಕಾರವನ್ನು ಬರೀ ಅನುಮಾನದಿಂದ ನೋಡುವುದೂ ಅನ್ಯಾಯವೇ.

ನಾನಿರುವ ಹೆಬ್ಬಾಳದಿಂದ ಯಲಹಂಕ ದಾಟಿ ಹೋದರೆ ಹೆಸರಘಟ್ಟ. ಅಲ್ಲಿ 1990ರಲ್ಲಿ ಪ್ರೊತಿಮಾ ಬೇಡಿ ನೃತ್ಯಗ್ರಾಮ ಕಟ್ಟಿದರು. 26ನೆಯ ವಯಸ್ಸಿನಲ್ಲಿ, ತೀರಾ ತಡವಾಗಿ, ಒಡಿಸ್ಸಿ ಕಲಿಯಲು ಹೋದವರು ಅವರು. ಗುರು ಕೇಲುಚರಣ ಮಹಾಪಾತ್ರ. ಆ ಗುರುವಿನ ಕಥೆ ಇನ್ನೂ ವಿಚಿತ್ರ. ಅವರು ಬಾಲ್ಯದಲ್ಲಿ ಹೆಣ್ಣುವೇಷ ತೊಟ್ಟು ಕುಣಿಯುವ ಗೋಟಿಪುಅ ಆಗಿದ್ದರು. ಮೀಸೆ ಮೂಡುವ ವಯಸ್ಸಿಗೆ ಆ ಹುಡುಗರ ಕುಣಿತ ಮುಗಿಯುತ್ತದೆ. ಅಂಥವರಿಗೆ ಕಲಿಸುವುದೆಂದರೆ ಬದುಕಿನ ಸಂಜೆಯ ಕೆಲಸವಾಗಿರದೆ ಬಹುಪಾಲು ಬದುಕೇ ಆಗಿರುತ್ತಿತ್ತು.

ಪ್ರೊತಿಮಾ ಕೊನೆಯವರೆಗೂ ಕುರ್ಚಿ ಹಿಡಿದು ಕೂರಲಿಲ್ಲ. ನೃತ್ಯಗ್ರಾಮವನ್ನು ಅಲ್ಲೇ ಬೆಳೆದವರ ಕೈಗೆ ಬಿಟ್ಟು ಹಿಮಾಲಯದ ಕಡೆ ಹೊರಟರು. 1998ರಲ್ಲಿ ಕೈಲಾಸ ಯಾತ್ರೆಯ ದಾರಿಯಲ್ಲಿ, ಮಾಲ್ಪಾದ ಭೂಕುಸಿತದಲ್ಲಿ ತೀರಿಕೊಂಡರು. ಕಲಾ ನಿರ್ದೇಶನ ಸುರೂಪಾ ಸೇನ್ ಅವರದಾಯಿತು; ಆಗ ಅವರಿಗಿನ್ನೂ ಮೂವತ್ತರ ಆಸುಪಾಸು. ಅಲ್ಲಿ ಕುಣಿಯುತ್ತಲೇ ವರ್ಷಗಟ್ಟಲೆ ಕಲಿಸಿದ ಬಿಜಯಿನಿ ಸತ್ಪತಿ, 25 ವರ್ಷಗಳ ನಂತರ, 2018ರಲ್ಲಿ ಹೊರಬಂದು ಏಕವ್ಯಕ್ತಿ ನರ್ತಕಿಯಾದರು. ಅಂದರೆ ಕುಣಿತದಿಂದ ಕಲಿಕೆಯ ಕಡೆಗೆ ಇರುವ ದಾರಿಯಲ್ಲಿ ಹಿಂದಿರುಗಿ ಬರಲೂ ಸಾಧ್ಯವಿದೆ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಶಾಸ್ತ್ರೀಯ ಕಲೆಯಲ್ಲಿ ಮೊದಲ ಹತ್ತು ವರ್ಷ ಗುರುವನ್ನು ಅನುಕರಿಸುವುದೇ ಕಲಿಕೆ. ‘ನನ್ನ ಮೈ, ನನ್ನ ಇಷ್ಟ’ ಎಂದರೆ ಅಡವು ಕೂರುವುದಿಲ್ಲ. ಒಪ್ಪುತ್ತೇನೆ. ಆದರೆ ತಿದ್ದುವುದರಲ್ಲೇ ಎರಡು ಬಗೆ. ‘ಹೀಗೆ ನಿಂತರೆ ನಿನ್ನ ಮಂಡಿ ಉಳಿಯುತ್ತದೆ, ಭಾವ ಕಾಣುತ್ತದೆ’ ಎಂಬ ತಿದ್ದುಪಡಿ ಶಿಷ್ಯೆಯ ನೃತ್ಯಕ್ಕಾಗಿ. ‘ನಾನು ಹೀಗೆ ಮಾಡುತ್ತಿದ್ದೆ’ ಎಂಬಲ್ಲಿಗೇ ನಿಂತ ತಿದ್ದುಪಡಿ ಗುರುವಿನ ನೆನಪಿಗಾಗಿ. ಮೊದಲನೆಯದು ಒಂದು ದಿನ ಮುಗಿಯುತ್ತದೆ, ಎರಡನೆಯದಕ್ಕೆ ಕೊನೆಯಿಲ್ಲ. ಸಂಶೋಧನೆ ಮಾಡುವ ನನ್ನಂಥವರಿಗೂ ಈ ವ್ಯತ್ಯಾಸ ಹೊರಗಿನದಲ್ಲ. ಮಾರ್ಗದರ್ಶಕರು ಬರೆಯದೆ ಉಳಿಸಿದ ಪುಸ್ತಕವನ್ನೇ ವಿದ್ಯಾರ್ಥಿ ಮಹಾಪ್ರಬಂಧವಾಗಿ ಬರೆದುಕೊಡುವುದುಂಟು.

ನಮ್ಮ ಕಡೆ ಸಂಜೆಯಾದರೆ ಮಹಡಿ ಮನೆಗಳಿಂದ ತಟ್ಟುಮಣೆಯ ಸದ್ದು ಕೇಳುತ್ತದೆ. ಮಗಳನ್ನು ಸೇರಿಸಲು ಬರುವ ತಂದೆತಾಯಿ ‘ಟೀಚರ್ ಎಲ್ಲೆಲ್ಲಿ ಪ್ರೋಗ್ರಾಂ ಕೊಟ್ಟಿದ್ದಾರೆ’ ಎಂದು ವಿಚಾರಿಸುತ್ತಾರೆ. ವಿಚಾರಿಸಬೇಕಾದ್ದು ಇನ್ನೂ ಎರಡಿವೆ. ಅವರ ಹಳೆಯ ಶಿಷ್ಯೆಯರೆಲ್ಲ ಒಂದೇ ಥರ ಕುಣಿಯುತ್ತಾರೆಯೇ? ಬಿಟ್ಟುಹೋದವರ ಹೆಸರನ್ನು ಅವರು ಈಗಲೂ ಪ್ರೀತಿಯಿಂದ ಹೇಳುತ್ತಾರೆಯೇ?