ವಿನೋದವೂ ಹಿಂಸೆಯೂ

ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ. ನಡುವೆ ರಾಯಚೂರು ಸೀಮೆ. ವಸಂತದಲ್ಲಿ ದೇವದುರ್ಗದ ಕಡೆ ಕೃಷ್ಣೆಯೂ ಮಾನ್ವಿಯ ಕಡೆ ತುಂಗಭದ್ರೆಯೂ ಇಳಿಯಲು, ಮೀನುಗಳು ಮಡುಗಳಲ್ಲಿ ಒತ್ತಟ್ಟಿಗೆ ಸೇರುತ್ತವೆ. ಆಗ ಗಾಳ ಹಿಡಿದು ದಡಕ್ಕೆ ಬರುವವರು ಎರಡು ಬಗೆ: ಹೊಟ್ಟೆಪಾಡಿಗೆ ಬರುವವರು, ಹೊತ್ತು ಕಳೆಯಲು ಬರುವವರು.

ಎರಡನೆಯವರಲ್ಲಿ ಮಾಂಸ ಮುಟ್ಟದ ಮನೆತನದ ತರುಣರೂ ಇಲ್ಲದಿಲ್ಲ. “ನಾವು ಮೀನನ್ನು ತಿನ್ನುವವರಲ್ಲ, ಹಿಡಿದು ಮರಳಿ ನೀರಿಗೇ ಬಿಡುತ್ತೇವೆ. ಇದರಲ್ಲಿ ದೋಷವೇನು?” ಎಂಬುದು ಅವರ ಸಮಾಧಾನ. ಈ ಮಾತು ವಿಚಾರಾರ್ಹವಾದುದು. ಬಿಟ್ಟ ಮೀನು ಬದುಕಲೂಬಹುದು. ಆದರೆ ಗಾಳದ ಮುಳ್ಳು ಬಾಯಲ್ಲಿ ಮಾಡಿದ ಗಾಯವೂ ದಡದ ಮೇಲೆ ಉಸಿರಿಗಾಗಿ ಪಟ್ಟ ಒದ್ದಾಟವೂ ಇಲ್ಲದಂತಾಗುವುವೇ? ಮುಂಗಾರಿನ ಹೊಸ ನೀರಿಗೆ ಮೊಟ್ಟೆಯಿಡುವ ಮೀನುಗಳಿಗೆ ಬಸಿರು ಬಲಿಯುವುದೂ ಈ ಬೇಸಗೆಯಲ್ಲಿಯೇ.

ಮೀನುಗಾರನ ಕೈಯಿಂದಲೂ ಜೀವ ಹೋಗುವುದು ದಿಟ; ಆದರೆ ಅವನ ಹಿಂದೆ ಮನೆಯವರ ಹಸಿವುಂಟು. ವಿನೋದಿಗೆ ಆ ಕಾರಣವೂ ಇಲ್ಲ. ಆದುದರಿಂದ ತಿನ್ನದವನು ತಾನು ಮೇಲೆಂದು ಬೀಗುವುದು ಸಲ್ಲದು. 12ನೆಯ ಶತಮಾನದ ಶರಣರ ನಡುವೆ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಇದ್ದನು. ನೀರಿನ ಕಾಯಕವು ಅವನನ್ನು ಕೀಳು ಮಾಡಲಿಲ್ಲ.

ಶರಣರು ಬೋಧಿಸಿದ ದಯೆಯು ಊಟದ ಎಲೆಗೆ ಮಾತ್ರ ಸಂಬಂಧಿಸಿದುದಲ್ಲ, ಕೈಗೂ ಸಂಬಂಧಿಸಿದುದು. ಸದ್ಭಕ್ತರು ಮಕ್ಕಳನ್ನು ಹೊಳೆಗೆ ಕರೆದೊಯ್ಯಲಿ, ತಿಳಿನೀರಿನಲ್ಲಿ ಮೀನು ಆಡುವುದನ್ನು ತೋರಿಸಲಿ. ನೋಡಿ ನಲಿಯಲು ಗಾಳವೇಕೆ?