ಹೆಸರಿನ ಹಿಡಿತ

ಮಂತ್ರಶಕ್ತಿಯು ಪ್ರವೇಶಿಸಿದ ಕಥೆಯಲ್ಲಿ ಧರ್ಮಾಧರ್ಮವಿಚಾರಕ್ಕೆ ಎಡೆಯಿಲ್ಲವೆಂದು ಮಿತ್ರರು ಕೆಲವರು ಹೇಳುವುದುಂಟು. ಒಂದು ಶಬ್ದವನ್ನುಚ್ಚರಿಸಿದ ಮಾತ್ರಕ್ಕೆ ಪರರ ಮನಸ್ಸು ವಶವಾಗುವುದಾದರೆ, ಅಲ್ಲಿ ಮನುಷ್ಯನು ತಾನಾಗಿ ಆರಿಸಿಕೊಳ್ಳುವುದೇನು, ಅವನನ್ನು ಹೊಗಳುವುದಕ್ಕಾಗಲಿ ನಿಂದಿಸುವುದಕ್ಕಾಗಲಿ ಆಧಾರವೇನು, ಎಂಬುದು ಅವರ ಆಕ್ಷೇಪ. ಇದು ತಳ್ಳಿಹಾಕತಕ್ಕ ಮಾತಲ್ಲ. ಆದರೆ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ (೧೯೨೯–೨೦೧೮) ಅವರ ‘ಅರ್ತ್‌ಸೀ’ ಕಥಾಮಾಲೆಯನ್ನು ಓದಿದಂದಿನಿಂದ, ಇಚ್ಛಾಸ್ವಾತಂತ್ರ್ಯದ ಪ್ರಶ್ನೆಯು ಮಂತ್ರದ ಲೋಕದಲ್ಲಿಯೇ ಹೆಚ್ಚು ತೀಕ್ಷ್ಣವಾಗಿ ಏಳುವುದಲ್ಲವೆ ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ.

ಈ ಮಾಲೆಯ ಮೊದಲನೆಯ ಪುಸ್ತಕವು ೧೯೬೮ರಲ್ಲಿಯೂ ಕಡೆಯ ಕಾದಂಬರಿಯು ೨೦೦೧ರಲ್ಲಿಯೂ ಹೊರಬಂದವು. ಅದರ ಲೋಕವು ಕಡಲಿನಲ್ಲಿ ಚೆದುರಿದ ದ್ವೀಪಗಳ ಲೋಕ. ಅಲ್ಲಿ ಕಲ್ಲಿಗೆ, ಅಲೆಗೆ, ಪ್ರಾಣಿಗೆ, ಮನುಷ್ಯನಿಗೆ, ಆದಿಭಾಷೆಯಲ್ಲಿ ಒಂದೊಂದು ನಿಜನಾಮವುಂಟು. ಮಂತ್ರವಿದ್ಯೆಯೆಂದರೆ ಆ ನಾಮಗಳ ಜ್ಞಾನವೇ. ಯಾರ ನಿಜನಾಮವನ್ನು ಬಲ್ಲೆವೋ ಅವರ ಮೇಲೆ ನಮಗೆ ಹಿಡಿತವುಂಟು. ಆದಕಾರಣ ಅಲ್ಲಿಯವರು ಬಳಕೆಗೆ ಬೇರೊಂದು ಹೆಸರನ್ನಿಟ್ಟುಕೊಂಡು, ನಿಜನಾಮವನ್ನು ಪ್ರಾಣದಂತೆ ಕಾಯುತ್ತಾರೆ. ಹಿರಿಯರ ಹೆಸರನ್ನು ಹಿಡಿದು ಕರೆಯಲು ಈಗಲೂ ನಾಲಗೆ ಅಳುಕುವ ನಮಗೆ ಇದು ತೀರ ಪರಕೀಯವಾಗಿ ತೋರದು. ಕಥಾನಾಯಕನಾದ ಗೆಡ್ಡನು ತನ್ನ ಗರ್ವದಿಂದ ಒಂದು ಘೋರವಾದ ನೆರಳನ್ನು ಲೋಕಕ್ಕೆ ಬಿಟ್ಟು ಮಾನಗೆಟ್ಟಿರುವ ಕಾಲದಲ್ಲಿ, ಅವನ ಗೆಳೆಯನು ಬೀಳ್ಕೊಡುವಾಗ ಕೊಡುವ ಕಾಣಿಕೆ ಚಿನ್ನವಲ್ಲ, ತನ್ನ ನಿಜನಾಮ.

ಎರಡನೆಯ ಪುಸ್ತಕದಲ್ಲಿ (೧೯೭೧) ಬಹು ಚಿಕ್ಕದೊಂದು ಪ್ರಸಂಗವಿದೆ. ಗೆಡ್ಡನೂ ಟೆನಾರ್ ಎಂಬ ತರುಣಿಯೂ ಬೆಟ್ಟಗಾಡಿನಲ್ಲಿ ನಡೆದುಹೋಗುತ್ತಿರುವಾಗ ಆಹಾರ ಸಾಲದು. ಅವನು ಮೊಲದ ನಿಜನಾಮವನ್ನು ಬಲ್ಲನು. ಕರೆದರೆ ಮೊಲವು ಬರುತ್ತದೆ. ಹಾಗಾದರೆ ದಿನವೂ ಕರೆದು ಬೇಯಿಸಿ ತಿನ್ನಬಾರದೇಕೆ? ಊಟಕ್ಕೆ ಆಹ್ವಾನಿಸಿ ಕರೆಸಿಕೊಂಡ ಅತಿಥಿಯನ್ನೇ ಕೊಲ್ಲುವುದು ವಿಶ್ವಾಸದ್ರೋಹವೆಂದು ಅವನ ಭಾವ. ಬಲೆಯೊಡ್ಡಿ ಹಿಡಿದರೆ ಮೊಲಕ್ಕೆ ಓಡಲು ಅವಕಾಶವಿರುತ್ತದೆ. ಹೆಸರು ಹಿಡಿದು ಕರೆದರೆ ಅದರ ಇಚ್ಛೆಯೇ ಅದನ್ನು ಕತ್ತಿಯ ಬಳಿಗೆ ತರುತ್ತದೆ. ಬಲಾತ್ಕಾರಕ್ಕಿಂತ ವಶೀಕರಣವು ಹೀನವೆಂದು ನನಗೆ ಮನಗಂಡದ್ದು ಈ ಮೊಲದಿಂದ.

ನಾವು ಮಾಂತ್ರಿಕರಲ್ಲ. ಆದರೂ ಬಹುಕಾಲ ಜೊತೆಯಲ್ಲಿ ಬಾಳಿದವರ ನಿಜನಾಮವು ನಮಗೆ ತಿಳಿದಿರುತ್ತದೆ. ಯಾವ ಮಾತಿಗೆ ಅವರ ಮನಸ್ಸು ಕರಗುವುದೆಂಬುದನ್ನು ಬಲ್ಲೆವು. ನನ್ನ ಮಗನಿಗೆ ದೂರದ ಊರಿನಲ್ಲಿ ಉದ್ಯೋಗ ದೊರೆತಾಗ, ಅವನು ಹೋಗುವುದು ನನಗೆ ಇಷ್ಟವಿರಲಿಲ್ಲ. ಹೋಗಬೇಡವೆಂದು ನಾನು ಹೇಳಲಿಲ್ಲ. ತೀರಿಹೋದ ಅವನ ತಾಯಿ ಈಗ ಇದ್ದಿದ್ದರೆ ಏನೆನ್ನುತ್ತಿದ್ದಳೋ ಎಂದಷ್ಟೇ ಅಂದೆ. ಮರುದಿನ ಅವನು ಆ ಕೆಲಸವನ್ನು ಬೇಡವೆಂದು ತಿಳಿಸಿದನು. ಅವನಾಗಿಯೇ ನಿರ್ಧರಿಸಿದನೆಂದು ನಾನು ಬಂಧುಗಳೆದುರಿಗೆ ಅನೇಕ ಸಲ ಹೇಳಿಕೊಂಡಿದ್ದೇನೆ.

ಮಂತ್ರಕ್ಕೊಳಗಾಗುವವನ ಸ್ವಾತಂತ್ರ್ಯದ ಮಾತು ಇದಾಯಿತು. ಮಂತ್ರ ಬಲ್ಲವನ ಸ್ವಾತಂತ್ರ್ಯವೇನು? ಪೆಂಡೊರ್ ದ್ವೀಪದಲ್ಲಿ ಗೆಡ್ಡನು ಒಂದು ಮುದಿ ಘಟಸರ್ಪವನ್ನು ಎದುರಿಸುತ್ತಾನೆ. ಹಳೆಯ ಚರಿತ್ರೆಗಳಿಂದ ಊಹಿಸಿದ ಅದರ ನಿಜನಾಮವೇ ಅವನ ಆಯುಧ. ಅದು ಅವನಿಗೆ ಆಸೆ ತೋರಿಸುತ್ತದೆ: ನಿನ್ನನ್ನು ಬೇಟೆಯಾಡುತ್ತಿರುವ ನೆರಳಿನ ಹೆಸರನ್ನು ತಿಳಿಸಬಲ್ಲೆನೆಂದು. ತನ್ನ ಪ್ರಾಣವನ್ನುಳಿಸುವ ಆ ವರವನ್ನು ಬಿಟ್ಟು, ತನ್ನನ್ನು ನಂಬಿದ ದ್ವೀಪವಾಸಿಗಳ ತಂಟೆಗೆ ಘಟಸರ್ಪಗಳು ಬಾರದಂತೆ ಅವನು ಪ್ರಮಾಣ ಮಾಡಿಸುತ್ತಾನೆ. ಅವನ ಗುರುಗಳಲ್ಲೊಬ್ಬರು ಹಿಂದೆ ಹೇಳಿದ್ದುಂಟು, ಶಕ್ತಿ ಬೆಳೆದಷ್ಟೂ ದಾರಿ ಕಿರಿದಾಗುವುದು, ಕಡೆಗೆ ಮಾಡಲೇಬೇಕಾದುದೊಂದೇ ಉಳಿಯುವುದು ಎಂಬರ್ಥದಲ್ಲಿ. ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಘಟಸರ್ಪದ ಮುಂದೆ ದಾರಿಗಳು ಎರಡಿದ್ದವು. ಎರಡನೆಯದು ಅವನನ್ನು ನಿಜವಾಗಿ ಸೆಳೆಯಿತು. ಸೆಳೆತವೇ ಇಲ್ಲದಿದ್ದರೆ ತ್ಯಾಗವೆಲ್ಲಿಯದು?

ಟೆನಾರಳ ವೃತ್ತಾಂತವು ಇದಕ್ಕಿಂತ ತೊಡಕಿನದು. ಐದಾರು ವರ್ಷದ ಮಗುವಾಗಿದ್ದಾಗ ಅವಳನ್ನು ಮನೆಯಿಂದ ಒಯ್ದು, ಹೆಸರನ್ನು ಕಿತ್ತುಕೊಂಡು, ಕತ್ತಲೆಯ ಶಕ್ತಿಗಳ ಪೂಜಾರಿಣಿಯನ್ನಾಗಿ ಮಾಡಿದ್ದರು. ನೆಲದಡಿಯ ಸುರಂಗಗಳಲ್ಲಿ ಸೆರೆಸಿಕ್ಕಿದ ಗೆಡ್ಡನು ತನ್ನ ವಿದ್ಯೆಯಿಂದ ಆ ಹೆಸರನ್ನು ತಿಳಿದು ಅವಳಿಗೆ ಹಿಂದಿರುಗಿಸುತ್ತಾನೆ. ಅವನ ಜೀವವು ಅವಳ ಕೈಯಲ್ಲಿದ್ದಾಗ ಕೊಟ್ಟ ಈ ಕಾಣಿಕೆಯಲ್ಲಿ ಸ್ವಾರ್ಥವಿರಲಿಲ್ಲವೆ? ಇತ್ತೆಂದೇ ನಾನು ತಿಳಿಯುತ್ತೇನೆ. ಆದರೆ ಒಂದು ಭೇದವುಂಟು. ಸುರಂಗದಿಂದ ಪಾರಾಗಿ ಕಡಲತೀರವನ್ನು ಸೇರಿದ ಮೇಲೆ, ಅವನು ಮೈಮರೆತು ಕುಳಿತಿರುವಾಗ ಅವಳು ದ್ವೇಷದಿಂದ ಕತ್ತಿ ಹಿಡಿದು ಬಳಿಗೆ ಬರುತ್ತಾಳೆ. ಹೆಸರು ಕೊಟ್ಟವನನ್ನು ಕೊಲ್ಲುವ ಶಕ್ತಿಯೂ ಆ ಹೆಸರಿನೊಡನೆಯೇ ಅವಳಿಗೆ ಬಂದಿತ್ತು. ಅವಳು ಕೊಲ್ಲಲಿಲ್ಲ, ಅಳುತ್ತಾಳೆ. ಆ ಅಳು ಸಂತೋಷದ್ದಲ್ಲ, ಸ್ವಾತಂತ್ರ್ಯದ ಭಾರದ್ದು.

ಆ ಪುಟವನ್ನು ಓದಿದ ಸಂಜೆ ಮಗನನ್ನು ಕರೆದು ಹಳೆಯ ಮಾತನ್ನೆತ್ತಿದೆ. ಅದೆಲ್ಲ ಈಗೇಕೆಂದು ಅವನು ಮೊದಲು ನಕ್ಕನು. ಆಮೇಲೆ, “ನೀವು ಬೇಡವೆಂದಿದ್ದರೆ ವಾದಿಸಿ ಹೋಗಿಬಿಡುತ್ತಿದ್ದೆನಪ್ಪಾ. ಅಮ್ಮನ ಹೆಸರನ್ನೆತ್ತಿದಿರಿ,” ಎಂದನು.