ಪಡಿಯಚ್ಚು

ಮುಖದಿಂದ ತೆಗೆದ ಅಚ್ಚಿನಲ್ಲಿ ಮೂಗು ಗುಳಿಯಾಗಿರುತ್ತದೆ, ಕಣ್ಣಗುಳಿ ದಿಬ್ಬವಾಗಿರುತ್ತದೆ. ಮೇಣ ಹೊಯ್ದ ಮೇಲೆಯೇ ಮುಖ ಮುಖವಾಗುವುದು.

*

ಒಣ ಪ್ಲಾಸ್ಟರಿನ ಅಚ್ಚು ಮೇಣವನ್ನು ಕಚ್ಚಿ ಹಿಡಿಯುತ್ತದೆ; ನೀರು ಕುಡಿದ ಅಚ್ಚು ಸುಲಭವಾಗಿ ಬಿಟ್ಟುಕೊಡುತ್ತದೆ. ಬಿಟ್ಟುಕೊಡಬೇಕಾದವರ ದಾಹ ಮೊದಲು ತೀರಿರಬೇಕು.

*

ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ. ಬಿಸಿ ಹೆಚ್ಚಾದರೆ ಬಣ್ಣ ಕಂದುತ್ತದೆ, ಕಡಿಮೆಯಾದರೆ ಎರಕದಲ್ಲಿ ನೆರಿಗೆ ಬೀಳುತ್ತದೆ. ಪಾತ್ರೆಯ ಅಂಚಿನಲ್ಲಿ ಮೇಣ ಕೆನೆಗಟ್ಟತೊಡಗಿದ ಗಳಿಗೆಯೇ ಹದ.

*

ಆರುತ್ತ ಮೇಣ ಕುಗ್ಗುತ್ತದೆ. ಅದಕ್ಕೇ ಮದಾಮ್ ಟುಸ್ಸಾಡ್ ಮೇಣದ ಗೊಂಬೆಗಳ ಸಂಗ್ರಹಾಲಯದ ಶಿಲ್ಪಿಗಳು ಮಣ್ಣಿನ ಮೂಲವನ್ನು ನಿಜಕ್ಕಿಂತ ಸುಮಾರು ಶೇ. 2ರಷ್ಟು ದೊಡ್ಡದಾಗಿ ತಿದ್ದುತ್ತಾರೆ. ಮೈಯಿಂದಲೇ ತೆಗೆದ ಅಚ್ಚಿಗೆ ಆ ಅನುಕೂಲವಿಲ್ಲ. ಅದರ ಎರಕ ಜೀವಕ್ಕಿಂತ ಎಳೆಯಷ್ಟು ಕಿರಿದಾಗಿಯೇ ಹುಟ್ಟುತ್ತದೆ.

*

ಆರಿದ ಎರಕದ ಮೇಲೆ ಎರಡು ಬಗೆಯ ಗುರುತುಗಳಿರುತ್ತವೆ. ಗಾಳಿಗುಳ್ಳೆ, ಹೋಳುಗಳು ಕೂಡಿದ ಗೆರೆ ಅಚ್ಚಿನವು. ಕಾಯಿಸಿದ ಚಾಕುವಿನಿಂದ ಸವರಿ ತೆಗೆಯಿರಿ. ಸುಕ್ಕು, ಮಚ್ಚೆ, ಸಿಡುಬಿನ ಕಲೆ ಆ ಮನುಷ್ಯನವು. ತಿದ್ದುವ ಕೈ ಇವೆರಡರ ನಡುವೆ ಗುರುತು ತಪ್ಪಿದರೆ ಗೊಂಬೆ ಉಳಿಯುತ್ತದೆ, ಮನುಷ್ಯ ಹೋಗಿಬಿಡುತ್ತಾನೆ.

*

ಜೂಲ್ ಬಾರೆತ್ತಾ ಪ್ಯಾರಿಸ್ಸಿನಲ್ಲಿ ಕಾಗದದ ಮುದ್ದೆಯಿಂದ ಹಣ್ಣುಗಳನ್ನು ಮಾಡುತ್ತಿದ್ದವನು. 1860ರ ದಶಕದಲ್ಲಿ ಸೇಂಟ್ ಲೂಯಿ ಆಸ್ಪತ್ರೆಯ ಚರ್ಮರೋಗ ವೈದ್ಯರು ಅವನನ್ನು ಕರೆತಂದರು. ರೋಗಿಯ ಮೈಮೇಲೆ ಪ್ಲಾಸ್ಟರ್, ಆ ಅಚ್ಚಿಗೆ ಮೇಣ, ಆಮೇಲೆ ಬಣ್ಣ. ಹಣ್ಣಿನ ಸಿಪ್ಪೆ ನೋಡಿ ಪಳಗಿದ ಕಣ್ಣು ಹುಣ್ಣಿನ ಒಂದೇ ಕೆಂಪಿನಲ್ಲಿ ಹತ್ತು ಕೆಂಪು ಕಂಡಿತು. ಫೋಟೋಗಳು ಕಪ್ಪುಬಿಳುಪಾಗಿದ್ದ ಕಾಲದಲ್ಲಿ ವೈದ್ಯವಿದ್ಯಾರ್ಥಿಗಳು ಆ ಮೇಣದಿಂದ ರೋಗ ಗುರುತಿಸಲು ಕಲಿತರು. ಚೆಲುವಿಗಾಗಿ ಕಲಿತ ಕಸಬು ನೋವಿನ ಕೆಲಸಕ್ಕೆ ಬಂದದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

*

ಜೋಸೆಫ್ ಟೌನ್ ಲಂಡನ್ನಿನ ಗೈಸ್ ಆಸ್ಪತ್ರೆಗಾಗಿ 1826ರಿಂದ 1879ರವರೆಗೆ ಮೇಣದ ಮಾದರಿಗಳನ್ನು ಮಾಡಿದ. ತನ್ನ ವಿಧಾನವನ್ನು ಗುಟ್ಟಾಗಿಯೇ ಇಟ್ಟ. ಬಾಗಿಲು ಮುಚ್ಚಿಕೊಂಡ ಕೈಗೆ ಶಿಷ್ಯರ ಕೈ ಸಿಗುವುದಿಲ್ಲ.

*

ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಬೆಂದಂತಿರುವ ಚರ್ಮದ ಮೇಲೆ ಆ ಬಿಸಿ, ಆ ಭಾರ ಹೊತ್ತು ಅಲುಗದೆ ಇದ್ದವರು ರೋಗಿಗಳು. ಕಪ್ಪು ಹಲಗೆಗೆ ಕೂರಿಸಿ, ಬಿಳಿ ಬಟ್ಟೆಯ ಅಂಚು ಕಟ್ಟಿದ ಆ ಮೇಣದ ಮುಖಗಳ ಕೆಳಗೆ ರೋಗದ ಹೆಸರಿದೆ. ಅಂಥ 4,800ಕ್ಕೂ ಹೆಚ್ಚು ಪಡಿಯಚ್ಚುಗಳು ಸೇಂಟ್ ಲೂಯಿ ಆಸ್ಪತ್ರೆಯ ಗಾಜಿನ ಕಪಾಟುಗಳಲ್ಲಿ ಇಂದಿಗೂ ಇವೆ.